ಕನ್ನಡ ಚಿತ್ರಕಥೆಯ ಪುಟ: ನಮೂನೆ, ಶೈಲಿ ಮತ್ತು ಮುಗಿಯದ ಚರ್ಚೆ

ತೆರೆಯ ಮೇಲೆ ಕಾಣಬೇಕಾದುದನ್ನೂ ಕೇಳಬೇಕಾದುದನ್ನೂ ಚಿತ್ರೀಕರಣಕ್ಕೆ ಮೊದಲೇ ಕಾಗದಕ್ಕೆ ಇಳಿಸಿದ ಬರಹವೇ ಚಿತ್ರಕಥೆ. ಪ್ರೇಕ್ಷಕರು ಅದನ್ನು ಓದುವುದಿಲ್ಲ. ನಿರ್ಮಾಪಕರು ಹಣದ ಲೆಕ್ಕಕ್ಕಾಗಿ ಓದುತ್ತಾರೆ, ಛಾಯಾಗ್ರಾಹಕರು ಬೆಳಕಿಗಾಗಿ, ಕಲಾ ನಿರ್ದೇಶಕರು ಸಾಮಾನುಗಳಿಗಾಗಿ, ನಟರು ತಮ್ಮ ಮಾತಿಗಾಗಿ. ಸಹಾಯಕ ನಿರ್ದೇಶಕರು ಅದನ್ನು ಬಿಡಿಸಿ ಶೂಟಿಂಗ್ ಚಾರ್ಟ್ ಮಾಡುತ್ತಾರೆ. ಒಂದೇ ಬರಹ ಇಷ್ಟು ಬಗೆಯ ಓದುಗರಿಗೆ ಸಲ್ಲಬೇಕಾದ್ದರಿಂದ ಅದರ ಪುಟ ಹೇಗಿರಬೇಕು ಎಂಬ ಪ್ರಶ್ನೆ ಎಲ್ಲ ಭಾಷೆಗಳ ಸಿನಿಮಾದಲ್ಲೂ ಎದ್ದಿದೆ. ಕನ್ನಡದಲ್ಲಿ ಅದಕ್ಕೆ ಇನ್ನೊಂದು ತೊಡಕು ಸೇರಿಕೊಂಡಿದೆ. ಇಲ್ಲಿನ ವಿದ್ಯಾರ್ಥಿಗಳ ಕೈಗೆ ಸಿಗುವ ನಿಯಮಗಳು ಹುಟ್ಟಿದ್ದು ಇಂಗ್ಲಿಷ್ ಟೈಪ್‌ರೈಟರಿನ ಮೇಲೆ, ಅಮೆರಿಕದ ಸ್ಟುಡಿಯೊಗಳ ಕೆಲಸದ ಕ್ರಮಕ್ಕೆ ತಕ್ಕಂತೆ. ಬೆಂಗಳೂರಿನ ಸಂಸ್ಥೆಯಲ್ಲಿ ಓದುವವರಿಗೂ, ಗದಗ ಜಿಲ್ಲೆಯ ಗಜೇಂದ್ರಗಡ ತಾಲೂಕಿನ ಲಕ್ಕಲಕಟ್ಟಿಯಂಥ ಊರಿನಲ್ಲಿ ಕೂತು ತಮ್ಮೂರಿನ ಮಾತಿನಲ್ಲೇ ಮೊದಲ ಕಿರುಚಿತ್ರ ಬರೆಯಲು ಹೊರಟವರಿಗೂ ಈ ನಿಯಮಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದು ದಿನನಿತ್ಯದ ಪ್ರಶ್ನೆ.

ರಂಗದ ಪ್ರತಿಯಿಂದ ತೆರೆಯ ಪ್ರತಿಗೆ

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ತೆರೆಕಂಡಿತು. ನಿರ್ದೇಶಕರು ವೈ.ವಿ. ರಾವ್, ಬರೆದವರು ನಾಟಕಕಾರ ಬೆಳ್ಳಾವೆ ನರಹರಿ ಶಾಸ್ತ್ರಿ. ಮುಂದಿನ ಎರಡು ದಶಕಗಳ ಚಿತ್ರಗಳೂ ಹೆಚ್ಚಾಗಿ ಕಂಪನಿ ನಾಟಕಗಳ ನಟರನ್ನು, ಕಥೆಗಳನ್ನು, ಬರಹಗಾರರನ್ನು ನೆಚ್ಚಿಕೊಂಡವು. 1954ರ ‘ಬೇಡರ ಕಣ್ಣಪ್ಪ’ ಗುಬ್ಬಿ ಕಂಪನಿಯ ರಂಗದಿಂದ ಬಂದ ಚಿತ್ರ. ಹೀಗಾಗಿ ಕನ್ನಡ ಚಿತ್ರಕಥೆಯ ಮೊದಲ ಮಾದರಿ ನಾಟಕದ ಕೈಬರಹದ ಪ್ರತಿ. ಅದರಲ್ಲಿ ಮಾತಿಗೆ ಮತ್ತು ಹಾಡಿಗೆ ಅಗ್ರಸ್ಥಾನ. ಚಲನೆ, ಬೆಳಕು, ಸದ್ದುಗಳು ರಂಗದ ಮೇಲೆ ತೀರ್ಮಾನವಾಗುವ ಸಂಗತಿಗಳು.

ಗದಗ ಸೀಮೆಯಲ್ಲಿ ಈ ಪರಂಪರೆ ದಟ್ಟವಾಗಿತ್ತು. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಗದುಗಿನದು. ಅಲ್ಲಿನ ವೀರೇಶ್ವರ ಪುಣ್ಯಾಶ್ರಮವೂ ಪಂಚಾಕ್ಷರಿ ಗವಾಯಿಗಳ ಕಾಲದಿಂದ ನಾಟಕ ಸಂಘವೊಂದನ್ನು ನಡೆಸಿತು, ಪುಟ್ಟರಾಜ ಗವಾಯಿಗಳು ಅದಕ್ಕೆ ನಾಟಕಗಳನ್ನೂ ಬರೆದರು. ಹಳ್ಳಿಗಳಲ್ಲಿ ದೊಡ್ಡಾಟ, ಸಣ್ಣಾಟಗಳ ಪ್ರತಿ ಆಟ ಕಲಿಸುವ ಮಾಸ್ತರರ ಬಳಿ ಇರುತ್ತಿತ್ತು. ಕಲಾವಿದರು ಅದನ್ನು ಓದಿ ಅಲ್ಲ, ತಾಲೀಮಿನಲ್ಲಿ ಕೇಳಿ ಕಲಿಯುತ್ತಿದ್ದರು. ಬರಹವು ನೆನಪಿಗೆ ಆಧಾರ, ಮಾತು ಬಾಯಿಯದು ಎಂಬ ಈ ತಿಳಿವಳಿಕೆ ಸಿನಿಮಾಕ್ಕೂ ಬಂತು. ಸೆಟ್ಟಿನಲ್ಲಿ ನಟನ ಬದಿಗೆ ನಿಂತು ಸಂಭಾಷಣೆ ಹೇಳಿಕೊಡುವ ಪ್ರಾಂಪ್ಟಿಂಗ್, ನಾಯಕನಟನ ಮುಂದೆ ಗಂಟೆಗಟ್ಟಲೆ ಕಥೆ ಹೇಳುವ ನರೇಶನ್ ಇವೆರಡೂ ಅದರ ಮುಂದುವರಿಕೆಗಳು.

ಕಥೆ, ಚಿತ್ರಕಥೆ, ಸಂಭಾಷಣೆ ಎಂದು ಟೈಟಲ್ ಕಾರ್ಡಿನಲ್ಲಿ ಮೂರು ಭಾಗವಾಗುವ ಪದ್ಧತಿಗೂ ಇದೇ ಹಿನ್ನೆಲೆ. ರಾಜ್ಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಮೂರಕ್ಕೂ ಬೇರೆ ಬೇರೆ ಪುರಸ್ಕಾರಗಳಿವೆ. ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಚಿತ್ರಕಥೆಗೆಂದೇ ಒಂದು ವಿಭಾಗ 1967ನೇ ಸಾಲಿನಿಂದ ಶುರುವಾಯಿತು. 1969ರ ‘ಗೆಜ್ಜೆಪೂಜೆ’ಗೆ ಪುಟ್ಟಣ್ಣ ಕಣಗಾಲ್ ಅದನ್ನು ಪಡೆದರು. ಅದೇ ಚಿತ್ರಕಥೆ ವಿಭಾಗ 2009ನೇ ಸಾಲಿನಿಂದ ಸ್ವಂತ, ರೂಪಾಂತರ, ಸಂಭಾಷಣೆ ಎಂದು ಒಡೆದಾಗ ರೂಪಾಂತರದ ಪ್ರಶಸ್ತಿ ‘ಕನಸೆಂಬ ಕುದುರೆಯನೇರಿ’ಗಾಗಿ ಗೋಪಾಲಕೃಷ್ಣ ಪೈ ಮತ್ತು ಗಿರೀಶ ಕಾಸರವಳ್ಳಿಯವರಿಗೆ ಬಂತು. ಕಥೆ, ಚಿತ್ರಕಥೆ, ಸಂಭಾಷಣೆ ಎಂಬ ವಿಂಗಡಣೆಯಿಂದ ಒಂದು ಲಾಭವಿದೆ: ದೃಶ್ಯ ಕಟ್ಟುವ ಕೌಶಲವೂ ಮಾತು ಬರೆಯುವ ಕೌಶಲವೂ ಒಂದೇ ಅಲ್ಲ ಎಂಬುದನ್ನು ಅದು ಒಪ್ಪುತ್ತದೆ. ನಷ್ಟವೂ ಇದೆ. ಮಾತು ಕೊನೆಗೆ ಸೇರಿಸುವ ಪದಾರ್ಥ ಎಂಬ ಭಾವನೆ ಬೆಳೆದು, ಮೌನದಲ್ಲೇ ಮುಗಿಯಬಹುದಾದ ದೃಶ್ಯಕ್ಕೂ ಸಂಭಾಷಣೆ ತುಂಬುವ ಅಭ್ಯಾಸ ಉಳಿದುಕೊಂಡಿತು.

1970ರ ‘ಸಂಸ್ಕಾರ’ದಿಂದ ಬೇರೊಂದು ದಾರಿ ತೆರೆಯಿತು. ಗಿರೀಶ ಕಾರ್ನಾಡರು ಪಟ್ಟಾಭಿರಾಮ ರೆಡ್ಡಿಯವರ ಜತೆ ಅನಂತಮೂರ್ತಿಯವರ ಕಾದಂಬರಿಯನ್ನು ಚಿತ್ರಕ್ಕೆ ಅಳವಡಿಸಿದರು. ‘ವಂಶವೃಕ್ಷ’, ‘ಕಾಡು’, ‘ಚೋಮನ ದುಡಿ’, ‘ಘಟಶ್ರಾದ್ಧ’, ‘ತಬರನ ಕಥೆ’ ಎಲ್ಲವೂ ಸಾಹಿತ್ಯದಿಂದ ಬಂದವು. ಜನಪ್ರಿಯ ಧಾರೆಯಲ್ಲಿ ಪುಟ್ಟಣ್ಣನವರೂ ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಕೂಡಿಸಿ 1972ರಲ್ಲಿ ‘ನಾಗರಹಾವು’ ಮಾಡಿದರು. ಕಾದಂಬರಿಯಲ್ಲಿ ಪಾತ್ರದ ಮನಸ್ಸಿನೊಳಗೆ ನಡೆಯುವುದನ್ನು ಕಣ್ಣಿಗೆ ಕಾಣುವ ಕ್ರಿಯೆಯಾಗಿ ಹೇಗೆ ಬರೆಯುವುದು ಎಂಬ ಪ್ರಶ್ನೆ ಕನ್ನಡದಲ್ಲಿ ಗಂಭೀರವಾಗಿ ಎದ್ದದ್ದು ಈ ರೂಪಾಂತರಗಳ ಕಾಲದಲ್ಲಿ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತು ಬಂದ ಕಾಸರವಳ್ಳಿಯವರಂಥವರು ಶಾಟ್ ಎಂಬ ಘಟಕವನ್ನು ಮನಸ್ಸಿನಲ್ಲಿಟ್ಟು ಬರೆಯುವ ಶಿಸ್ತನ್ನು ತಂದರು.

ಹಾಲಿವುಡ್ ನಮೂನೆ

ಇಂದು ಪಠ್ಯಗಳಲ್ಲಿ ‘ಪ್ರಮಾಣಿತ’ ಎನಿಸಿಕೊಳ್ಳುವ ನಮೂನೆಯ ಬೇರು 1910ರ ದಶಕದ ಅಮೆರಿಕದಲ್ಲಿದೆ. ನಿರ್ಮಾಪಕ ಥಾಮಸ್ ಇನ್ಸ್ ತನ್ನ ಸ್ಟುಡಿಯೊದಲ್ಲಿ ಏಕಕಾಲಕ್ಕೆ ಹಲವು ಚಿತ್ರಗಳನ್ನು ಮಾಡಿಸಲು ಪ್ರತಿ ಶಾಟನ್ನೂ ನಮೂದಿಸಿದ ಕಂಟಿನ್ಯುಯಿಟಿ ಸ್ಕ್ರಿಪ್ಟ್ ಬಳಸಿದ. ಸ್ಟುಡಿಯೊಗಳ ಹಿಡಿತ ಸಡಿಲವಾದ ಮೇಲೆ ಶಾಟ್‌ಗಳ ವಿವರ ಹೋಗಿ, ದೃಶ್ಯವೇ ಘಟಕವಾದ ಮಾಸ್ಟರ್ ಸೀನ್ ನಮೂನೆ ನೆಲೆಯೂರಿತು. ಒಳಗೋ ಹೊರಗೋ, ಯಾವ ಸ್ಥಳ, ಹಗಲೋ ರಾತ್ರಿಯೋ ಎಂದು ಹೇಳುವ ದೃಶ್ಯಶೀರ್ಷಿಕೆ. ಅದರ ಕೆಳಗೆ ಕ್ರಿಯೆ. ಪುಟದ ನಡುವೆ ಪಾತ್ರದ ಹೆಸರು ಮತ್ತು ಅದರಡಿ ಇಕ್ಕಟ್ಟಾದ ಅಂಕಣದಲ್ಲಿ ಮಾತು. ಅಕ್ಷರ 12 ಪಾಯಿಂಟಿನ ಕೊರಿಯರ್. ಈ ಲಿಪಿಯಲ್ಲಿ ಎಲ್ಲ ಅಕ್ಷರಗಳ ಅಗಲವೂ ಒಂದೇ: ಒಂದು ಇಂಚಿಗೆ 10 ಅಕ್ಷರ, ಎತ್ತರದಲ್ಲಿ 6 ಸಾಲು, ಪುಟಕ್ಕೆ ಸುಮಾರು 55 ಸಾಲು. ಹಾಗೆ ಬರೆದ ಒಂದು ಪುಟ ತೆರೆಯ ಮೇಲೆ ಸುಮಾರು ಒಂದು ನಿಮಿಷ ಎಂಬ ಅಂದಾಜು ಇದರಿಂದ ಹುಟ್ಟಿತು.

ಸಿಡ್ ಫೀಲ್ಡ್ 1979ರಲ್ಲಿ, ರಾಬರ್ಟ್ ಮಕ್ಕೀ 1997ರಲ್ಲಿ, ಬ್ಲೇಕ್ ಸ್ನೈಡರ್ 2005ರಲ್ಲಿ ಪ್ರಕಟಿಸಿದ ಪುಸ್ತಕಗಳ ಮೂಲಕ ಅಮೆರಿಕದ ಚಿತ್ರಕಥೆಯ ಪಾಠ ಜಗತ್ತಿಗೆಲ್ಲ ಹಬ್ಬಿತು. ಅವುಗಳಲ್ಲಿ ಹೆಚ್ಚು ಚರ್ಚೆಯಾಗುವುದು ಮೂರು ಅಂಕಗಳ ರಚನೆ. ಪುಟದ ಮೇಲೆ ಬರೆಯುವವರಿಗೆ ಅದಕ್ಕಿಂತ ಬೆಲೆಯುಳ್ಳದ್ದು ಹಳೆಯದೊಂದು ಸಲಹೆ: ಕಾಣುವುದನ್ನೂ ಕೇಳುವುದನ್ನೂ ಮಾತ್ರ ಬರೆಯಬೇಕು. ‘ಬಸಪ್ಪನಿಗೆ ಹತ್ತು ವರ್ಷದ ಹಿಂದಿನ ಜಗಳ ನೆನಪಾಗುತ್ತದೆ’ ಎಂಬ ವಾಕ್ಯಕ್ಕೆ ಕ್ಯಾಮೆರಾದ ಮುಂದೆ ಅರ್ಥವಿಲ್ಲ. ಆ ನೆನಪು ಅವನ ಕೈಯಲ್ಲಿ, ನೋಟದಲ್ಲಿ, ಅವನು ಬಿಟ್ಟು ನಡೆಯುವ ಹಾದಿಯಲ್ಲಿ ಕಾಣಬೇಕು.

ಎರಡು ಅಂಕಣದ ಪುಟ

ದಕ್ಷಿಣ ಭಾರತದಲ್ಲಿ ಬಹುಕಾಲ ನಡೆದುಬಂದ ಪದ್ಧತಿ ಬೇರೆ. ಪುಟದ ನಡುವೆ ಒಂದು ಗೆರೆ. ಎಡಕ್ಕೆ ಸ್ಥಳ, ಸಮಯ, ಕ್ರಿಯೆ, ಬೇಕಾದರೆ ಶಾಟ್. ಬಲಕ್ಕೆ ಸಂಭಾಷಣೆ ಮತ್ತು ಸದ್ದು. ಕನ್ನಡ ಚಿತ್ರಗಳು ಮದರಾಸಿನ ಸ್ಟುಡಿಯೊಗಳಲ್ಲಿ ತಯಾರಾಗುತ್ತಿದ್ದ ಕಾಲದಲ್ಲಿ ಇದು ಇಲ್ಲಿನವರಿಗೂ ರೂಢಿಯಾಯಿತು. ಸೆಟ್ಟಿನಲ್ಲಿ ಅದಕ್ಕೆ ಸ್ಪಷ್ಟವಾದ ಉಪಯೋಗವಿದೆ. ಪ್ರಾಂಪ್ಟ್ ಮಾಡುವ ಸಹಾಯಕ ಬಲಭಾಗವನ್ನಷ್ಟೇ ಓದಿದರೆ ಸಾಕು, ಕ್ಯಾಮೆರಾ ತಂಡಕ್ಕೆ ಎಡಭಾಗ ಸಾಕು, ಎಡಗಡೆಯ ಖಾಲಿ ಜಾಗದಲ್ಲಿ ನಿರ್ದೇಶಕ ಶಾಟ್ ಡಿವಿಷನ್ ಗುರುತು ಹಾಕಿಕೊಳ್ಳಬಹುದು. ಸಾಕ್ಷ್ಯಚಿತ್ರ ಮತ್ತು ಜಾಹೀರಾತುಗಳಲ್ಲಿ ಜಗತ್ತಿನ ಬೇರೆಡೆಯೂ ಈ ನಮೂನೆ ಉಳಿದಿರುವುದು ಇದೇ ಕಾರಣಕ್ಕೆ.

ಆದರೆ ಮೊದಲ ಬಾರಿಗೆ ಚಿತ್ರಕಥೆ ಓದುವವರನ್ನು ಈ ಪುಟ ದಣಿಸುತ್ತದೆ. ಕಣ್ಣು ಎಡಕ್ಕೂ ಬಲಕ್ಕೂ ಓಡುತ್ತ, ಮಾತು ಮೊದಲೋ ಕ್ರಿಯೆ ಮೊದಲೋ ಎಂಬುದು ತಪ್ಪಿಹೋಗುತ್ತದೆ. ಒಬ್ಬಳು ತಲೆ ತಗ್ಗಿಸಿ ಆಮೇಲೆ ಮಾತಾಡುವುದಕ್ಕೂ, ಮಾತಾಡಿ ಆಮೇಲೆ ತಲೆ ತಗ್ಗಿಸುವುದಕ್ಕೂ ಇರುವ ವ್ಯತ್ಯಾಸವೇ ಅಭಿನಯ. ಎರಡು ಅಂಕಣದ ಪುಟ ಅದನ್ನು ಮಸುಕಾಗಿಸುತ್ತದೆ. ಬಲಭಾಗ ತುಂಬಿ ಎಡಭಾಗ ‘ಇಬ್ಬರೂ ಮಾತಾಡುತ್ತಾರೆ’ ಎಂಬಲ್ಲಿಗೆ ನಿಂತುಬಿಡುವ ಅಪಾಯವೂ ಉಂಟು. ಆದ್ದರಿಂದ ಓದಿಸುವ ಪ್ರತಿಗೆ ಒಂದೇ ಅಂಕಣ, ಸೆಟ್ಟಿಗೆ ಹೋಗುವ ಪ್ರತಿಗೆ ಬೇಕಾದರೆ ಎರಡು ಅಂಕಣ ಎಂಬ ನಡುದಾರಿ ವಿದ್ಯಾರ್ಥಿಗಳಿಗೆ ಹೆಚ್ಚು ಸರಿಹೊಂದುತ್ತದೆ.

ಚಿತ್ರಕಥೆ ಏನು ಎಂಬುದರ ಬಗ್ಗೆ ನಾಲ್ಕು ನಿಲುವುಗಳು

ನಮೂನೆಯ ಜಗಳದ ಕೆಳಗೆ ಇನ್ನೂ ಆಳವಾದ ಭಿನ್ನಾಭಿಪ್ರಾಯವಿದೆ. ಚಿತ್ರಕಥೆಯನ್ನು ಕಟ್ಟಡದ ನಕ್ಷೆ ಎಂದು ಕಾಣುವವರದು ಒಂದು ಪಂಥ. ಇವರ ಪ್ರಕಾರ ಪುಟದಲ್ಲಿ ಬರಹಗಾರನ ಸೊಗಸಿಗೆ ಜಾಗವಿಲ್ಲ. ದೃಶ್ಯಸಂಖ್ಯೆ, ಸ್ಥಳ, ಪಾತ್ರ, ಸಾಮಾನು ತಪ್ಪಿಲ್ಲದೆ ಇರಬೇಕು. ಬಜೆಟ್, ಕಾಲ್‌ಶೀಟ್, ಲೊಕೇಶನ್‌ಗಳ ಲೆಕ್ಕವೆಲ್ಲ ಇದರ ಮೇಲೆ ನಿಲ್ಲುವುದರಿಂದ ನಿರ್ಮಾಣದ ಕಡೆಯವರು ಸಹಜವಾಗಿಯೇ ಈ ನಿಲುವಿನವರು. ಪೂರ್ತಿ ಬರೆದು ಮುಗಿಸಿದ ‘ಬೌಂಡ್ ಸ್ಕ್ರಿಪ್ಟ್’ ಇಲ್ಲದೆ ಶೂಟಿಂಗಿಗೆ ಹೋಗಬಾರದು ಎಂಬ ಒತ್ತಾಯ ಬರುವುದೂ ಇಲ್ಲಿಂದಲೇ.

ಚಿತ್ರಕಥೆ ತನ್ನಷ್ಟಕ್ಕೆ ಓದಿಸಿಕೊಳ್ಳುವ ಬರಹ ಎನ್ನುವವರು ಇನ್ನೊಂದು ಕಡೆ. ಒಂದು ಸಾಲಿಗೆ ಒಂದೇ ನೋಟ, ಪುಟದಲ್ಲಿ ಧಾರಾಳ ಬಿಳಿಜಾಗ, ವಾಕ್ಯದ ಉದ್ದದಿಂದಲೇ ಶಾಟಿನ ಉದ್ದ ಸೂಚಿಸುವುದು ಇವರ ಹಾದಿ. ಹಾಲಿವುಡ್ಡಿನಲ್ಲಿ ವಾಲ್ಟರ್ ಹಿಲ್ ಇಂಥ ಬರವಣಿಗೆಗೆ ಹೆಸರಾದ. ಸಾಹಿತ್ಯದ ನಂಟು ಬಲವಾಗಿರುವ ಕನ್ನಡದಲ್ಲಿ ಈ ನಿಲುವಿಗೆ ಸಹಜ ಆಕರ್ಷಣೆ ಇದೆ. ಅದರ ಜತೆಗೇ ಬರುವ ಅಪಾಯವೆಂದರೆ ಚಿತ್ರಕಥೆ ಸಣ್ಣಕಥೆಯಾಗಿಬಿಡುವುದು.

ಇಟಲಿಯ ಪಾಸೊಲಿನಿ 1965ರ ಒಂದು ಪ್ರಬಂಧದಲ್ಲಿ ಮಂಡಿಸಿದ್ದು ಮೂರನೆಯ ನೋಟ: ಚಿತ್ರಕಥೆ ಮತ್ತೊಂದು ರಚನೆಯಾಗಲು ತವಕಿಸುವ ರಚನೆ, ಓದುಗ ಅದನ್ನು ಓದುತ್ತಲೇ ಮನಸ್ಸಿನಲ್ಲಿ ಚಿತ್ರವನ್ನು ಪೂರ್ತಿಗೊಳಿಸಬೇಕು. ಸತ್ಯಜಿತ್ ರಾಯ್ ತಮ್ಮ ಕೆಂಪು ಬಟ್ಟೆಯ ಖಾತೆಪುಸ್ತಕಗಳಲ್ಲಿ ಮಾತು, ರೇಖಾಚಿತ್ರ, ಸಂಗೀತದ ಟಿಪ್ಪಣಿಗಳನ್ನು ಒಟ್ಟಿಗೆ ಬರೆದುಕೊಳ್ಳುತ್ತಿದ್ದುದು ಈ ನೋಟಕ್ಕೆ ಹತ್ತಿರ. ಬರೆಯುವವರೇ ನಿರ್ದೇಶಿಸುವಾಗ ಇದು ಚೆನ್ನಾಗಿ ಒದಗುತ್ತದೆ. ಪ್ರತಿ ಬೇರೆಯವರ ಕೈಗೆ ಹೋಗಬೇಕಾದಾಗ ಒದಗುವುದಿಲ್ಲ.

ನಾಲ್ಕನೆಯದು ಪುಸ್ತಕಗಳಲ್ಲಿ ಅಷ್ಟಾಗಿ ಕಾಣದ, ಆದರೆ ಕನ್ನಡ ಚಿತ್ರೋದ್ಯಮದ ನೆಲೆಯಾದ ಗಾಂಧಿನಗರದಲ್ಲಿ ಜೀವಂತವಾಗಿರುವ ಮೌಖಿಕ ನಿಲುವು. ಕಥೆ ಹೇಳಿ ಒಪ್ಪಿಸುವುದೇ ನಿಜವಾದ ಚಿತ್ರಕಥೆ. ಕಾಗದದ ಮೇಲಿನ ಒನ್‌ಲೈನ್ ಮತ್ತು ಸೀನ್ ಆರ್ಡರ್ ಅದರ ನೆರಳು. ಇದನ್ನು ಹಿಂದುಳಿದ ಪದ್ಧತಿಯೆಂದು ತಳ್ಳಿಹಾಕುವುದು ಅನ್ಯಾಯ. ಕಥೆ ಹೇಳುವಾಗ ಕೇಳುಗನ ಮುಖದಲ್ಲಿ ಆಸಕ್ತಿ ಎಲ್ಲಿ ಕುಸಿಯಿತು ಎಂಬುದು ತಕ್ಷಣ ಗೊತ್ತಾಗುತ್ತದೆ, ಒಳ್ಳೆಯ ಕಥೆಗಾರರು ಅಲ್ಲೇ ತಿದ್ದಿಕೊಳ್ಳುತ್ತಾರೆ. ಆದರೆ ಈ ಪದ್ಧತಿಯಲ್ಲಿ ಬರಹಗಾರನಿಗೆ ರಕ್ಷಣೆಯಿಲ್ಲ. ಆರ್.ಜಿ. ಆನಂದ್ ವಿರುದ್ಧ ಡಿಲಕ್ಸ್ ಫಿಲ್ಮ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲಿ ಸ್ಪಷ್ಟಪಡಿಸಿದಂತೆ, ಕೃತಿಸ್ವಾಮ್ಯ ಇರುವುದು ಕಲ್ಪನೆಗಲ್ಲ, ಅದರ ಅಭಿವ್ಯಕ್ತಿಗೆ. ಹೇಳಿದ ಕಥೆಗೆ ದಾಖಲೆ ಇರುವುದಿಲ್ಲ. ಬರೆದು ದಿನಾಂಕ ಹಾಕಿ ಇಟ್ಟ ಚಿತ್ರಕಥೆಗೆ ಇರುತ್ತದೆ. ಊರಿಂದ ಮೊದಲ ಬಾರಿ ಬೆಂಗಳೂರಿಗೆ ಕಥೆ ಹಿಡಿದು ಹೋಗುವ ಯುವಕರಿಗೆ ಇದಕ್ಕಿಂತ ತುರ್ತಾದ ಸಲಹೆ ಮತ್ತೊಂದಿಲ್ಲ.

ಕನ್ನಡ ಲಿಪಿಗೆ ಹೊಂದದ ಅಳತೆ

ಹಾಲಿವುಡ್ ನಮೂನೆಯನ್ನು ಕನ್ನಡಕ್ಕೆ ತಂದಾಗ ಮೊದಲು ಕುಸಿಯುವುದು ಪುಟಕ್ಕೊಂದು ನಿಮಿಷದ ಲೆಕ್ಕ. ಆ ಲೆಕ್ಕ ನಿಂತಿರುವುದು ಸಮಾನ ಅಗಲದ ಅಕ್ಷರಗಳ ಮೇಲೆ ಮತ್ತು 11 ಇಂಚು ಎತ್ತರದ ಅಮೆರಿಕದ ಕಾಗದದ ಮೇಲೆ. ಇಲ್ಲಿ ಬಳಸುವ ಎ4 ಹಾಳೆ ಸುಮಾರು 0.7 ಇಂಚು ಹೆಚ್ಚು ಎತ್ತರ; ಅಷ್ಟರಲ್ಲೇ ನಾಲ್ಕು ಸಾಲಿನ ವ್ಯತ್ಯಾಸ. ಕನ್ನಡದಲ್ಲಿ ‘ರ’ದ ಅಗಲವೇ ಬೇರೆ, ‘ಮ’ದ ಅಗಲವೇ ಬೇರೆ. ಒತ್ತಕ್ಷರಗಳು ಕೆಳಕ್ಕೆ ಇಳಿಯುವುದರಿಂದ ಸಾಲಿನ ನಡುವೆ ಹೆಚ್ಚು ಜಾಗ ಬಿಡಬೇಕು. ‘ನುಡಿ’, ‘ಬರಹ’ ತಂತ್ರಾಂಶಗಳಲ್ಲಿ, ಯೂನಿಕೋಡ್ ಅಕ್ಷರಗಳಲ್ಲಿ ಅದೇ ದೃಶ್ಯ ಬೇರೆ ಬೇರೆ ಉದ್ದಕ್ಕೆ ಹರಡಿಕೊಳ್ಳುತ್ತದೆ. ಭಾಷೆಯ ಸ್ವಭಾವವೂ ಬೇರೆ: ವಿಭಕ್ತಿ, ಕಾಲ, ಒತ್ತು ಎಲ್ಲವನ್ನೂ ಒಂದೇ ಪದ ಹೊರುವುದರಿಂದ ಪದಗಳ ಎಣಿಕೆಯೂ ಇಂಗ್ಲಿಷಿನ ಲೆಕ್ಕಕ್ಕೆ ತಾಳೆಯಾಗುವುದಿಲ್ಲ. ಇವೆಲ್ಲದರ ಮೇಲೆ, ಕನ್ನಡ ಚಿತ್ರಕಥೆಯಲ್ಲಿ ‘ಹಾಡು 2’ ಎಂಬ ಒಂದು ಸಾಲು ತೆರೆಯ ಮೇಲೆ ನಾಲ್ಕು ನಿಮಿಷವಾಗಬಹುದು. ಸಾಹಸ ದೃಶ್ಯ ಒಂದು ಪ್ಯಾರಾದಲ್ಲಿ ಮುಗಿದು, ಉಳಿದದ್ದು ಫೈಟ್ ಮಾಸ್ಟರ್ ಕೈಗೆ ಹೋಗುತ್ತದೆ.

ಇದಕ್ಕೆ ನಂಬಬಹುದಾದ ಪರಿಹಾರ ಗಡಿಯಾರ ಒಂದೇ. ಪ್ರತಿ ದೃಶ್ಯವನ್ನೂ ಕ್ರಿಯೆಯ ಬಿಡುವುಗಳೊಂದಿಗೆ ಗಟ್ಟಿಯಾಗಿ ಓದಿ, ಹಿಡಿದ ಸಮಯವನ್ನು ದೃಶ್ಯದ ತಲೆಯ ಮೇಲೆ ಬರೆಯಬೇಕು. ಕೆಲವು ದೃಶ್ಯಗಳ ನಂತರ ಆ ಬರಹಗಾರರ ಕೈ, ಆ ಅಕ್ಷರ, ಆ ಅಂಚಿಗೆ ಒಂದು ಪುಟ ಎಷ್ಟು ಹೊತ್ತು ಎಂಬ ಸ್ವಂತ ಅಳತೆ ಸಿಗುತ್ತದೆ. ಅಲ್ಲಿಂದಾಚೆ ಅಕ್ಷರದ ಗಾತ್ರ, ಅಂಚು ಬದಲಿಸಬಾರದು.

ಇಂಗ್ಲಿಷಿನಲ್ಲಿ ಪಾತ್ರದ ಹೆಸರು, ದೃಶ್ಯಶೀರ್ಷಿಕೆಗಳನ್ನು ದೊಡ್ಡಕ್ಷರಗಳಲ್ಲಿ ಬರೆದು ಎದ್ದುಕಾಣಿಸುತ್ತಾರೆ. ಕನ್ನಡದಲ್ಲಿ ದೊಡ್ಡಕ್ಷರವಿಲ್ಲ. ದಪ್ಪಕ್ಷರ, ಅಡಿಗೆರೆ, ದೃಶ್ಯಸಂಖ್ಯೆ ಇವುಗಳಲ್ಲಿ ಒಂದನ್ನು ಆರಿಸಿ ಕೊನೆತನಕ ಪಾಲಿಸಿದರೆ ಸಾಕು. 2012ರಲ್ಲಿ ಬಂದ ಫೌಂಟನ್ ಎಂಬ ಸರಳಪಠ್ಯ ಪದ್ಧತಿಯೂ ಪಾತ್ರವನ್ನು ಗುರುತಿಸುವುದು ದೊಡ್ಡಕ್ಷರದಿಂದಲೇ. ಆದರೆ ಹೆಸರಿಗೆ ಮೊದಲು ‘@’ ಗುರುತು, ದೃಶ್ಯಶೀರ್ಷಿಕೆಗೆ ಮೊದಲು ಒಂದು ಚುಕ್ಕೆ ಹಾಕಿದರೆ ಅದು ಕನ್ನಡದಲ್ಲೂ ನಡೆಯುತ್ತದೆ. ಮೊಬೈಲಿನಲ್ಲೇ ಬರೆಯುವವರಿಗೆ, ದುಬಾರಿ ತಂತ್ರಾಂಶ ಕೊಳ್ಳಲಾಗದವರಿಗೆ ಇದು ದೊಡ್ಡ ಅನುಕೂಲ. ಯಾವುದರಲ್ಲಿ ಬರೆದರೂ ಯೂನಿಕೋಡಿನಲ್ಲಿರಬೇಕು. ಹಳೆಯ ಅಕ್ಷರವಿನ್ಯಾಸದ ಕಡತ ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಓದಲಾಗದಂತಾಗುವುದು ಇಂದಿಗೂ ನಿಂತಿಲ್ಲ.

ಕ್ರಿಯೆಯ ಸಾಲು

ಕನ್ನಡ ವಾಕ್ಯದ ಸಹಜ ಶಕ್ತಿಯೊಂದು ಚಿತ್ರಕಥೆಯಲ್ಲಿ ತೊಡಕಾಗುತ್ತದೆ. ‘ಬಾಗಿಲು ತೆರೆದು ಒಳಬಂದು ಚಪ್ಪಲಿ ಬಿಟ್ಟು ಅತ್ತಿತ್ತ ನೋಡಿ ಕುರ್ಚಿಯ ಮೇಲೆ ಕೂತು ನಿಟ್ಟುಸಿರು ಬಿಡುತ್ತಾನೆ’ ಎಂಬುದು ಒಳ್ಳೆಯ ಕನ್ನಡವೇ. ಆದರೆ ಅದರೊಳಗೆ ಐದಾರು ಶಾಟ್‌ಗಳು ಅವಿತಿವೆ, ಮುಖ್ಯವಾದದ್ದು ಯಾವುದೆಂದು ಗೊತ್ತಾಗುವುದಿಲ್ಲ. ಕೃದಂತಗಳ ಈ ಸರಪಳಿಯನ್ನು ಕತ್ತರಿಸಿ, ಕಣ್ಣು ಎಲ್ಲಿ ನಿಲ್ಲಬೇಕೋ ಅಲ್ಲಿ ವಾಕ್ಯವನ್ನೂ ನಿಲ್ಲಿಸುವುದು ಕಲಿಯಬೇಕಾದ ಮೊದಲ ಶೈಲಿ. ಕ್ಯಾಮೆರಾ ಪ್ಯಾನ್ ಆಗುತ್ತದೆ, ಝೂಮ್ ಆಗುತ್ತದೆ ಎಂದು ಬರೆಯುವ ಅಗತ್ಯ ಆಗ ತಾನಾಗಿಯೇ ಕಡಿಮೆಯಾಗುತ್ತದೆ.

ಇನ್ನೊಂದು ಪ್ರಶ್ನೆ ಇಂಗ್ಲಿಷ್ ಪಠ್ಯಗಳಲ್ಲಿ ಏಳುವುದೇ ಇಲ್ಲ: ಕ್ರಿಯೆಯ ಸಾಲಿನಲ್ಲಿ ಪಾತ್ರಕ್ಕೆ ಏಕವಚನವೋ ಬಹುವಚನವೋ? ಗೌಡರು ‘ಬರುತ್ತಾರೆ’, ಆಳು ‘ಬರುತ್ತಾನೆ’ ಎಂದು ಬರೆದ ಕೂಡಲೇ ಬರಹಗಾರ ಊರಿನ ಮೇಲು-ಕೀಳನ್ನು ತನ್ನ ಕಣ್ಣಾಗಿ ಒಪ್ಪಿಕೊಂಡಂತೆ. ಮಾತಿನಲ್ಲಿ ಆ ತಾರತಮ್ಯ ಇರಬೇಕು, ಅದು ಪಾತ್ರಗಳದು. ವಿವರಣೆಯಲ್ಲಿ ಎಲ್ಲರಿಗೂ ಒಂದೇ ವಚನ ಬಳಸುವುದು ಹೆಚ್ಚು ನ್ಯಾಯವಾದ ಕ್ರಮ.

ಮಾತು ಮತ್ತು ಸೀಮೆ

ಸೀಮೆಯ ಮಾತು ಪುಟದ ಮೇಲೆ ಏನು ಮಾಡುತ್ತದೆ ಎಂಬುದು ಒಂದು ಮಾದರಿ ದೃಶ್ಯದಿಂದ ಸ್ಪಷ್ಟವಾಗುತ್ತದೆ.

ದೃಶ್ಯ 14. ಹೊರಗೆ. ಲಕ್ಕಲಕಟ್ಟಿ, ಎರಿ ಹೊಲ. ಮುಂಜಾನೆ.

ಕಡಲೆ ಕಿತ್ತು ಮುಗಿದ ಹೊಲ. ಬಿರುಕು ಬಿಟ್ಟ ನೆಲ. ಬಸಪ್ಪ, 60, ಬದುವಿನ ಮೇಲೆ ಕೂತು ಬೀಡಿ ಹಚ್ಚುತ್ತಾನೆ.

ದೂರದಿಂದ ಬೈಕಿನ ಸದ್ದು. ಹತ್ತಿರವಾಗಿ ನಿಲ್ಲುತ್ತದೆ. ಬಸಪ್ಪ ತಿರುಗಿ ನೋಡುವುದಿಲ್ಲ.

ಶಿವು: ಕಾಕಾ, ಮನಿಗೆ ಬರ್ರಿ. ಅವ್ವ ಕಾಯಾಕತ್ಯಾಳ.
ಬಸಪ್ಪ: ಯಾಕಂತ?
ಶಿವು: ನಿಮಗ ಗೊತ್ತೈತಿ.
ಬಸಪ್ಪ: ನನಗೇನ್ ಗೊತ್ತಿಲ್ಲಪಾ. ಗೊತ್ತಿದ್ದವರು ಯಾರೂ ಹೇಳಿಲ್ಲ.

ಬೀಡಿಯನ್ನು ನೆಲಕ್ಕೆ ಒತ್ತಿ ಆರಿಸುತ್ತಾನೆ. ಏಳುವುದಿಲ್ಲ.

ಇಲ್ಲಿ ‘ಕಾಕಾ’ ಎಂಬ ಸಂಬೋಧನೆ ನಂಟನ್ನು ತಿಳಿಸಿಬಿಡುತ್ತದೆ. ಬೇರೆ ಪರಿಚಯ ಬೇಕಿಲ್ಲ. ಕಾಕಾನಿಗೆ ಬಹುವಚನ, ಅವ್ವನಿಗೆ ಏಕವಚನ: ಒಂದು ಕಡೆ ಮರ್ಯಾದೆಯ ದೂರ, ಇನ್ನೊಂದು ಕಡೆ ಮಡಿಲಿನ ಸಲುಗೆ. ‘ಚಿಕ್ಕಪ್ಪ, ಮನೆಗೆ ಬನ್ನಿ, ಅಮ್ಮ ಕಾಯ್ತಿದ್ದಾರೆ’ ಎಂದು ಬೆಂಗಳೂರಿನ ಮಾತಿಗೆ ಬದಲಿಸಿದರೆ ಅರ್ಥ ಉಳಿದು ಆ ಸಲುಗೆ ಹೋಗುತ್ತದೆ. ‘ಗೊತ್ತಿಲ್ಲಪಾ’ ಎಂಬುದರ ಕೊನೆಯಲ್ಲಿರುವ ‘ಪಾ’ದಲ್ಲೇ ಧಾಟಿ ಇದೆ, ಆದ್ದರಿಂದ ಆವರಣದಲ್ಲಿ ‘ಬೇಸರದಿಂದ’ ಎಂದು ಬರೆಯಬೇಕಿಲ್ಲ. ಆಡುಮಾತಿನ ಇಂಥ ತುಣುಕುಗಳು ನಟನಿಗೆ ನಿರ್ದೇಶನ ಕೊಡುತ್ತವೆ.

ಆಡುಭಾಷೆಯನ್ನು ಎಷ್ಟು ಬಳಸಬೇಕು ಎಂಬುದರಲ್ಲಿ ಒಮ್ಮತವಿಲ್ಲ. ರಾಜ್ಯದ ಎಲ್ಲ ಕಡೆ ಅರ್ಥವಾಗಬೇಕೆಂಬ ಕಾರಣಕ್ಕೆ ಮೈಸೂರು-ಬೆಂಗಳೂರು ಸೀಮೆಯ ಮಾತನ್ನೇ ‘ಸಾಮಾನ್ಯ ಕನ್ನಡ’ವಾಗಿ ಹಿಡಿದವರು ವ್ಯಾಪಾರಿ ಚಿತ್ರಗಳಲ್ಲಿ ಹೆಚ್ಚು. ಅಲ್ಲಿ ಉತ್ತರ ಕರ್ನಾಟಕದ ಮಾತು ಬಹಳ ಸಲ ನಗಿಸುವ ಪಾತ್ರಕ್ಕೆ ಮೀಸಲಾದದ್ದು ಆ ಭಾಷೆಯವರಿಗೆ ಆದ ನೋವು. ಇದಕ್ಕೆ ಎದುರಾಗಿ ಕಂಬಾರರ ಚಿತ್ರಗಳು, ನಾಗಾಭರಣರ ‘ನಾಗಮಂಡಲ’, ಅಮರೇಶ ನುಗಡೋಣಿಯವರ ಕಥೆಯಾಧರಿಸಿದ ‘ಕನಸೆಂಬ ಕುದುರೆಯನೇರಿ’ ಉತ್ತರದ ಮಾತಿನಲ್ಲಿ ಬಾಳಿನ ಪೂರ್ತಿ ಭಾರವನ್ನು ಹೊರಿಸಬಹುದೆಂದು ತೋರಿಸಿದವು. 2015ರಲ್ಲಿ ಲೊಕಾರ್ನೊದಲ್ಲಿ ಎರಡು ಪ್ರಶಸ್ತಿ ಪಡೆದ ‘ತಿಥಿ’ಯದು ಇನ್ನೂ ಮುಂದಿನ ಹೆಜ್ಜೆ. ರಾಮ್ ರೆಡ್ಡಿ ಮತ್ತು ಈರೇಗೌಡ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಜನರನ್ನೇ ಮನಸ್ಸಿನಲ್ಲಿಟ್ಟು ಪಾತ್ರಗಳನ್ನು ಬರೆದರು. ನಟರಲ್ಲದ ಹಳ್ಳಿಗರ ಮಾತಿನ ಲಯಕ್ಕೆ ಚಿತ್ರಕಥೆ ತಗ್ಗಿ ನಡೆಯಿತು. ತನ್ನ ಸೀಮೆಯ ಮಾತು ಬಲ್ಲ ವಿದ್ಯಾರ್ಥಿ ಅದನ್ನು ಬಿಟ್ಟುಕೊಡಲು ಯಾವ ಕಲಾತ್ಮಕ ಕಾರಣವೂ ಇಲ್ಲ ಎಂಬುದಕ್ಕೆ ಇಷ್ಟು ಸಾಕ್ಷಿ ಸಾಕು.

ಮಧ್ಯಂತರದ ಪ್ರಶ್ನೆ

ರಚನೆಯ ಚರ್ಚೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳಬಹುದು. ಮೂರು ಅಂಕದ ಪಾಠ ಕಲಿತವರು ಇಲ್ಲಿ ಬರೆಯುವಾಗ ಇಂಟರ್ವೆಲ್ ಎಂಬ ಗೋಡೆಗೆ ಬಂದು ನಿಲ್ಲುತ್ತಾರೆ. ಕನ್ನಡದ ಜನಪ್ರಿಯ ಚಿತ್ರ ಎರಡು ಅರ್ಧಗಳಾಗಿಯೇ ಕಲ್ಪಿತವಾಗುತ್ತದೆ. ಮೊದಲರ್ಧದ ಕೊನೆಗೆ ಒಂದು ಎತ್ತರ ಬೇಕೇಬೇಕು. ನಾಟ್ಯಶಾಸ್ತ್ರದ ಐದು ಸಂಧಿಗಳನ್ನು ಇದಕ್ಕೆ ಹೊಂದಿಸಿ ವಿವರಿಸುವವರೂ ಇದ್ದಾರೆ. ಯಾವ ಪಂಥ ಹಿಡಿದರೂ ಪುಟದ ಮೇಲೆ ಮಧ್ಯಂತರವನ್ನು ಸ್ಪಷ್ಟವಾಗಿ ನಮೂದಿಸುವುದು ಒಳ್ಳೆಯದು. ಒಟಿಟಿಗೆ ಬರೆಯುವಾಗ ಅದರ ಅಗತ್ಯವಿಲ್ಲ, ಧಾರಾವಾಹಿಯಲ್ಲಿ ಪ್ರತಿ ಬ್ರೇಕಿಗೂ ಒಂದು ಸಣ್ಣ ಕುತೂಹಲ ಬೇಕು.

ಇನ್ನೂ ತೀರದ್ದು

ಹಲವು ಪ್ರಶ್ನೆಗಳು ತೆರೆದೇ ಉಳಿದಿವೆ. ಕನ್ನಡ ಚಿತ್ರಕಥೆಗೆ ಎಲ್ಲರೂ ಒಪ್ಪಿದ ನಮೂನೆ ಇಲ್ಲ. ಒಂದೇ ಚಿತ್ರದಲ್ಲಿ ಕ್ರಿಯೆಯ ಸಾಲು ಇಂಗ್ಲಿಷಿನಲ್ಲಿ, ಮಾತು ಕನ್ನಡದಲ್ಲಿ ಇರುವುದೂ ಸಾಮಾನ್ಯ. ಕನ್ನಡ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡುವವರೂ ಇದ್ದಾರೆ. ಬೇರೆ ಭಾಷೆಯಿಂದ ಬಂದ ನಟರಿಗೆ, ತಂತ್ರಜ್ಞರಿಗೆ ಅದು ಅನುಕೂಲ, ಆದರೆ ‘ಲ’ಕಾರ-‘ಳ’ಕಾರ, ಹ್ರಸ್ವ-ದೀರ್ಘ ಅಲ್ಲಿ ಕಳೆದುಹೋಗುತ್ತವೆ.

ಆಡುಮಾತಿನ ಕಾಗುಣಿತ ಇನ್ನೂ ಕಠಿಣ. ಮೇಲಿನ ದೃಶ್ಯದ ‘ಕಾಯಾಕತ್ಯಾಳ’ ಎಂಬುದನ್ನು ‘ಕಾಯಾಕ ಹತ್ಯಾಳ’ ಎಂದೂ ಬರೆಯಬಹುದು. ‘ಕಾಯ್ಲಿಕ್ಕತ್ಯಾಳ’ ಎಂದು ಬರೆದರೆ ಧಾರವಾಡದ ಕಡೆಯ ಬೇರೊಂದು ಮನೆತನದ ಧಾಟಿ ಬಂದುಬಿಡುತ್ತದೆ. ಉಚ್ಚಾರಕ್ಕೆ ಹತ್ತಿರವಾಗಿ ಬರೆದಷ್ಟೂ ಹೊರಗಿನ ನಟನಿಗೆ ಓದುವುದು ಕಷ್ಟ, ಶಿಷ್ಟ ರೂಪಕ್ಕೆ ಹತ್ತಿರವಾದಷ್ಟೂ ಸೀಮೆ ಮರೆಯಾಗುತ್ತದೆ. ಇದಕ್ಕೆ ನಿಯಮ ಮಾಡಬೇಕೋ, ಧ್ವನಿಮುದ್ರಿಸಿದ ಮಾದರಿಯೊಂದನ್ನು ಪ್ರತಿಯ ಜತೆ ಕೊಟ್ಟರೆ ಸಾಕೋ ಎಂಬುದು ತೀರ್ಮಾನವಾಗಿಲ್ಲ.

ಬರಹಗಾರರ ಹಕ್ಕಿನ ವಿಚಾರವೂ ಅರ್ಧ ದಾರಿಯಲ್ಲಿದೆ. 2012ರ ಕೃತಿಸ್ವಾಮ್ಯ ತಿದ್ದುಪಡಿ ಚಿತ್ರದಲ್ಲಿ ಬಳಕೆಯಾದ ಸಾಹಿತ್ಯಕೃತಿಯ ಕರ್ತೃವಿಗೆ ಚಿತ್ರಮಂದಿರದ ಹೊರಗಿನ ಬಳಕೆಯಿಂದ ರಾಯಧನದ ಪಾಲು ಉಳಿಸಿತು. ಗೀತರಚನೆಕಾರರಿಗೆ ಇದು ಸ್ಪಷ್ಟವಾದಷ್ಟು ಚಿತ್ರಕಥೆ, ಸಂಭಾಷಣೆ ಬರೆಯುವವರಿಗೆ ಇನ್ನೂ ಆಗಿಲ್ಲ.

ಎಲ್ಲಕ್ಕಿಂತ ದೊಡ್ಡ ಕೊರತೆ ಓದಲು ಪ್ರತಿಗಳಿಲ್ಲದಿರುವುದು. ಸೆಟ್ಟಿನಲ್ಲಿ ಬಳಸಿದ ರೂಪದಲ್ಲೇ ಅಚ್ಚಾದ ಕನ್ನಡ ಚಿತ್ರಕಥೆಗಳು ತೀರ ಕಡಿಮೆ. ವಿದ್ಯಾರ್ಥಿಗಳು ಇಂಗ್ಲಿಷ್ ಚಿತ್ರಗಳ ಪ್ರತಿ ಓದಿ ಕನ್ನಡದಲ್ಲಿ ಬರೆಯುವುದನ್ನು ಊಹಿಸಿಕೊಳ್ಳಬೇಕಾಗಿದೆ. ನಿರ್ದೇಶಕರು, ನಿರ್ಮಾಪಕರು ಮತ್ತು ಅಗಲಿದ ಬರಹಗಾರರ ಕುಟುಂಬದವರು ತಮ್ಮಲ್ಲಿರುವ ಪ್ರತಿಗಳನ್ನು, ಅಂಚಿನ ಗುರುತು, ಹೊಡೆದುಹಾಕಿದ ಸಾಲುಗಳ ಸಮೇತ, ಗ್ರಂಥಾಲಯಗಳಿಗೂ ಚಲನಚಿತ್ರ ಶಿಕ್ಷಣ ಸಂಸ್ಥೆಗಳಿಗೂ ಒಪ್ಪಿಸಬೇಕು. ಅವು ಜಿಲ್ಲೆಗಳ ಓದುಗರಿಗೂ ತಲುಪುವಂತೆ ಡಿಜಿಟಲ್ ರೂಪದಲ್ಲಿ ಸಿಗಬೇಕು.